ಎಡೆಯಿಲ್ಲದ ಹಲ್ಲು

ಫ್ರಾನ್ಸ್ ದೇಶದ ದೋರ್ದೋನ್ ಪ್ರಾಂತದಲ್ಲಿ, ಬಂಡೆಯ ಮೇಲೆ ಕೊರೆದ ಕುದುರೆಗಳ ಉಬ್ಬುಚಿತ್ರಗಳಿಗಾಗಿ ಪ್ರಸಿದ್ಧವಾದ ಕಾಪ್ ಬ್ಲಾಂ ಎಂಬ ಶಿಲಾಶ್ರಯದಲ್ಲಿ 1911ರಲ್ಲಿ ನೆಲವನ್ನು ಅಗೆಯುತ್ತಿದ್ದವರಿಗೆ ದೊರೆತ ಸ್ತ್ರೀಯೊಬ್ಬಳ ಅಸ್ಥಿಪಂಜರವು, 1926ರಲ್ಲಿ ಷಿಕಾಗೋ ನಗರದ ಫೀಲ್ಡ್ ವಸ್ತುಸಂಗ್ರಹಾಲಯವನ್ನು ಸೇರಿ, ‘ಮ್ಯಾಗ್ಡಲೀನಿಯನ್ ಹುಡುಗಿ’ ಎಂಬ ಹೆಸರಿನಿಂದ ಬಹುಕಾಲ ಪ್ರೇಕ್ಷಕರ ಕುತೂಹಲಕ್ಕೆ ಪಾತ್ರವಾಗಿತ್ತು. ಸುಮಾರು 13,000ದಿಂದ 15,000 ವರ್ಷಗಳ ಹಿಂದೆ ಬದುಕಿದ್ದ ಆಕೆಯನ್ನು ಹುಡುಗಿಯೆಂದು ಕರೆದುದಕ್ಕೆ ಮುಖ್ಯ ಆಧಾರವೆಂದರೆ ಆಕೆಯ ಬಾಯಲ್ಲಿ ಬುದ್ಧಿಹಲ್ಲುಗಳು ಮೂಡಿರಲಿಲ್ಲವೆಂಬುದು. ಯೌವನದಲ್ಲಿ ಹುಟ್ಟಬೇಕಾದ ಹಲ್ಲು ಇನ್ನೂ ಹುಟ್ಟದಿರುವಾಗ ಆಕೆಗೆ ಇಪ್ಪತ್ತಕ್ಕಿಂತ ಹೆಚ್ಚು ವಯಸ್ಸಾಗಿರಲಾರದೆಂದು ವಿದ್ವಾಂಸರು ತರ್ಕಿಸಿದ್ದರು. ಅನಂತರ ಕ್ಷಕಿರಣಗಳ ಸಹಾಯದಿಂದ ದವಡೆಯನ್ನು ಪರೀಕ್ಷಿಸಿ, ಉಳಿದ ಎಲುಬುಗಳ ಪಕ್ವತೆಯನ್ನೂ ಗಣನೆಗೆ ತಂದಾಗ, ಆಕೆ 25ರಿಂದ 35 ವರ್ಷದ ಪ್ರೌಢಸ್ತ್ರೀಯೆಂದೂ, ಆ ಹಲ್ಲುಗಳು ಕಾಲ ಬಾರದೆ ಒಳಗಿದ್ದವಲ್ಲ, ಕಾಲ ಬಂದರೂ ಮೇಲೇಳಲಾರದೆ ಎಲುಬಿನಲ್ಲಿಯೇ ಸಿಕ್ಕಿಕೊಂಡಿದ್ದವೆಂದೂ ತಿಳಿದುಬಂದಿತು. ಹೂತುಹೋದ ಬುದ್ಧಿಹಲ್ಲಿಗೆ ನಮಗೆ ತಿಳಿದಿರುವ ಅತಿ ಪ್ರಾಚೀನ ನಿದರ್ಶನಗಳಲ್ಲಿ ಅದೂ ಒಂದು.

ಪ್ರಾಪ್ತವಯಸ್ಕನ ಬಾಯಲ್ಲಿ ಇರತಕ್ಕ ಹಲ್ಲುಗಳು 32. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಒಂದೊಂದು ಪಾರ್ಶ್ವದಲ್ಲಿ ಎಂಟೆಂಟರಂತೆ ಸಾಲಾಗಿ ನಿಂತ ಇವುಗಳಲ್ಲಿ ಕಟ್ಟಕಡೆಯದೇ ಬುದ್ಧಿಹಲ್ಲು, ಅಂದರೆ ಮೂರನೆಯ ದವಡೆಹಲ್ಲು. ಮೊದಲನೆಯ ದವಡೆಹಲ್ಲು ಮಗುವಿಗೆ ಆರು ವರ್ಷವಾಗುವಾಗಲೂ, ಎರಡನೆಯದು ಹನ್ನೆರಡರ ಸುಮಾರಿನಲ್ಲಿಯೂ ಮೂಡಿದರೆ, ಈ ಮೂರನೆಯದು ಸಾಮಾನ್ಯವಾಗಿ 17ರಿಂದ 25 ವರ್ಷಗಳ ನಡುವೆ ತಲೆದೋರುವುದು. ಅದರ ಅಂಕುರವೇನೋ ಬಾಲ್ಯದಲ್ಲಿಯೇ ದವಡೆಯೊಳಗೆ ಏರ್ಪಟ್ಟು, ಏಳರಿಂದ ಹತ್ತು ವರ್ಷದ ಪ್ರಾಯದಲ್ಲಿ ಗಟ್ಟಿಯಾಗತೊಡಗಿರುತ್ತದೆ. ಆದರೆ ಊಟದ ಪಂಕ್ತಿ ತುಂಬಿ ಬಡಿಸುವುದಕ್ಕೆ ಮೊದಲಾದ ಮೇಲೆ ಬಂದ ನೆಂಟನಂತೆ, ಅದು ಹೊರಗೆ ಬರುವ ಹೊತ್ತಿಗೆ ಉಳಿದ ಹಲ್ಲುಗಳೆಲ್ಲ ತಮ್ಮ ತಮ್ಮ ಎಡೆಗಳನ್ನು ಹಿಡಿದು ಕುಳಿತಿರುತ್ತವೆ. ಸ್ಥಳವಿದ್ದಲ್ಲಿ ಅದು ನೆಟ್ಟಗೆ ನಿಂತು ಇತರ ದವಡೆಹಲ್ಲುಗಳಂತೆಯೇ ಅಗಿಯುವ ಕೆಲಸದಲ್ಲಿ ಭಾಗಿಯಾಗುವುದು. ಸ್ಥಳವಿಲ್ಲದಿದ್ದಲ್ಲಿ ಅರ್ಧ ಬಂದು ನಿಲ್ಲುವುದು, ಇಲ್ಲವೆ ಎಲುಬಿನೊಳಗೇ ಅಡ್ಡಡ್ಡಲಾಗಿ ಮಲಗಿಬಿಡುವುದು. ಕೆಲವರಿಗೆ ನಾಲ್ಕರಲ್ಲಿ ಒಂದೋ ಎರಡೋ ಹುಟ್ಟುವುದೇ ಇಲ್ಲ, ಒಂದೂ ಇಲ್ಲದ ಭಾಗ್ಯವಂತರೂ ಉಂಟು.

ಎಡೆ ಏಕೆ ಸಾಲದೆ ಹೋಗುವುದೆಂಬ ಪ್ರಶ್ನೆಗೆ ಹಿಂದೆ ವಿಕಾಸವಾದದ ಸಿದ್ಧವಾದ ಉತ್ತರವೊಂದಿತ್ತು: ಮಾನವನು ಬೆಂಕಿಯನ್ನು ವಶಪಡಿಸಿಕೊಂಡು ಆಹಾರವನ್ನು ಬೇಯಿಸತೊಡಗಿದ ಮೇಲೆ ದವಡೆ ಪೀಳಿಗೆಯಿಂದ ಪೀಳಿಗೆಗೆ ಕುಗ್ಗುತ್ತ ಬಂತು, ಹಲ್ಲಿನ ಸಂಖ್ಯೆ ಮಾತ್ರ ಹಿಂದಿನಂತೆಯೇ ಉಳಿಯಿತು ಎಂದು. ಇದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಇದಿಷ್ಟೇ ಕಾರಣವಾಗಿದ್ದಲ್ಲಿ ಅಜ್ಜನಿಗೆ ಸುಖವಾಗಿ ಬಂದ ಹಲ್ಲು ಮೊಮ್ಮಗನಿಗೆ ಬಾಧೆಯಾಗಿ ಪರಿಣಮಿಸುವುದನ್ನು ವಿವರಿಸುವುದು ಕಷ್ಟ, ಏಕೆಂದರೆ ಎರಡು ತಲೆಮಾರಿನಲ್ಲಿ ವಂಶಗುಣ ಅಷ್ಟು ಮಾರ್ಪಡಲಾರದು. ರಾಬರ್ಟ್ ಕೊರುಚಿನಿ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು 1980ರ ದಶಕದಲ್ಲಿ ಚಂಡೀಗಢದ ನಗರವಾಸಿ ತರುಣರನ್ನೂ ಸುತ್ತಲಿನ ಹಳ್ಳಿಗಳ ತರುಣರನ್ನೂ ಹೋಲಿಸಿ ನೋಡಿ, ಒಂದೇ ಜನಸಮುದಾಯದಲ್ಲಿಯೂ ಮೆದುವಾದ ಆಹಾರವನ್ನು ತಿಂದು ಬೆಳೆದವರ ಹಲ್ಲುಸಾಲು ಹೆಚ್ಚು ಅಸ್ತವ್ಯಸ್ತವಾಗಿರುವುದನ್ನು ಗುರುತಿಸಿದರು. 2011ರಲ್ಲಿ ನೊರೀನ್ ವಾನ್ ಕ್ರಾಮನ್-ಟೌಬಡೆಲ್ ಅವರು ನಾನಾ ಜನಾಂಗಗಳ ತಲೆಬುರುಡೆಗಳನ್ನು ಅಳೆದು, ಬೇಟೆಯಾಡಿ ಗೆಡ್ಡೆಗೆಣಸು ಆಯ್ದು ಜೀವಿಸಿದವರಿಗೆ ಉದ್ದವಾದ ಕೆಳದವಡೆಯೂ, ಬೇಸಾಯಗಾರರಿಗೆ ಗಿಡ್ಡವಾದ ದವಡೆಯೂ ಇರುವುದನ್ನು ತೋರಿಸಿದರು. ಎಳೆಯ ವಯಸ್ಸಿನಲ್ಲಿ ಅಗಿಯುವ ಶ್ರಮವೇ ಎಲುಬನ್ನು ಬೆಳೆಸುವುದು. ಆ ಶ್ರಮ ತಗ್ಗಿದಲ್ಲಿ ಹಲ್ಲು ತನ್ನ ನಿಯತ ಗಾತ್ರಕ್ಕೆ ಬೆಳೆದರೂ ದವಡೆ ಹಿಂದುಳಿಯುವುದು. ಕಟಕ್ಕೆಂದು ಮುರಿಯುವ ಜೋಳದ ರೊಟ್ಟಿ, ಹುರಿಗಡಲೆ, ಕಬ್ಬಿನ ಜಲ್ಲೆ ಇವುಗಳ ಮೇಲೆ ಬೆಳೆದ ಮಗುವಿಗೂ ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ಮೇಲೆ ಬೆಳೆದ ಮಗುವಿಗೂ ಈ ವಿಷಯದಲ್ಲಿ ಅಂತರವಿರಬಹುದೆಂದು ಊಹಿಸಿದರೆ ತಪ್ಪಾಗಲಾರದು. ಹಾಗೆಂದು ಹದಿನೆಂಟು ತುಂಬಿದವನು ಕಬ್ಬು ಕಡಿಯಲು ಕುಳಿತರೆ ಫಲವಿಲ್ಲ.

ಹಲ್ಲು ಹೂತುಕೊಳ್ಳುವ ಭಂಗಿಗಳನ್ನು ಅಮೆರಿಕದ ಜಾರ್ಜ್ ವಿಂಟರ್ ಎಂಬ ದಂತವೈದ್ಯರು 1926ರಲ್ಲಿ ಕ್ರಮವಾಗಿ ವಿಂಗಡಿಸಿದರು. ಅವರ ಆ ವಿಂಗಡಣೆಯೇ ಇಂದಿಗೂ ವೈದ್ಯರ ಬಾಯಲ್ಲಿದೆ. ಮುಂದಕ್ಕೆ ವಾಲಿ ಎರಡನೆಯ ದವಡೆಹಲ್ಲಿನ ಬೆನ್ನಿಗೆ ತಲೆಯಾನಿಸಿದ್ದು, ಹಿಂದಕ್ಕೆ ವಾಲಿದ್ದು, ನೆಟ್ಟಗಿದ್ದರೂ ಮೇಲಕ್ಕೆ ಬರಲಾರದ್ದು, ಪೂರ್ತಿ ಅಡ್ಡಲಾಗಿ ಮಲಗಿದ್ದು. ಕೆಳದವಡೆಯಲ್ಲಿ ಮೊದಲನೆಯ ಬಗೆಯದೇ ಹೆಚ್ಚು, ಕೇಡಿನಲ್ಲಿಯೂ ಅದೇ ಮುಂದು.

ಕೇಡುಗಳಲ್ಲಿ ಜನರನ್ನು ದಂತವೈದ್ಯನ ಬಾಗಿಲಿಗೆ ಹೆಚ್ಚಾಗಿ ತರುವುದು ಅರ್ಧ ಮೂಡಿದ ಹಲ್ಲಿನ ಸುತ್ತಣ ವಸಡಿನ ಬಾವು. ಹಲ್ಲಿನ ತಲೆ ಸ್ವಲ್ಪ ಕಾಣಿಸಿ, ಉಳಿದ ಭಾಗವನ್ನು ವಸಡಿನ ಮಡಿಕೆಯೊಂದು ಮುಚ್ಚಿರುವಾಗ, ಅದರ ಕೆಳಗೆ ಅನ್ನದ ಅಗುಳು, ಕಾಳಿನ ಸಿಪ್ಪೆ ಸೇರಿ, ಬ್ರಷ್ಷಿನ ಎಳೆ ಮುಟ್ಟಲಾರದ ಆ ಮರೆಯಲ್ಲಿ ಗಾಳಿಯ ಹಂಗಿಲ್ಲದೆ ಬದುಕುವ ರೋಗಾಣುಗಳು ವೃದ್ಧಿಹೊಂದುವುವು. ವಸಡು ಕೆಂಪಾಗಿ ಉಬ್ಬುವುದು. ಉಬ್ಬಿದ ವಸಡನ್ನು ಮೇಲಿನ ಹಲ್ಲು ಪ್ರತಿ ತುತ್ತಿಗೂ ಕಚ್ಚುವುದು. ಕಚ್ಚಿದಷ್ಟೂ ಅದು ಮತ್ತಷ್ಟು ಉಬ್ಬುವುದು. ನೋವು ಕಿವಿಯತ್ತ ಹರಿಯುವುದರಿಂದ ಎಷ್ಟೋ ಮಂದಿ ಮೊದಲು ಕಿವಿಗೆ ಎಣ್ಣೆ ಬಿಡುತ್ತಾರೆ. ಬಾಯಲ್ಲಿ ಕೆಟ್ಟ ರುಚಿ, ದುರ್ವಾಸನೆ, ನುಂಗುವಾಗ ನೋವು, ದವಡೆಯ ಕೆಳಗೆ ಗಂಟು, ಕೆಲವೊಮ್ಮೆ ಜ್ವರ, ಕಡೆಗೆ ಎರಡು ಬೆರಳು ತೂರುವಷ್ಟೂ ಬಾಯಿ ತೆರೆಯಲಾಗದಂತೆ ಬಿಗಿದುಕೊಳ್ಳುವುದು, ಹೀಗೆ ಲಕ್ಷಣಗಳು ಒಂದರ ಹಿಂದೆ ಒಂದು ಬರುವುವು.

ಈ ವ್ಯಾಧಿಯನ್ನು ನಮ್ಮ ಪೂರ್ವಿಕರು ನಿಖರವಾಗಿ ಕಂಡಿದ್ದರೆಂಬುದು ಸುಶ್ರುತಸಂಹಿತೆಯನ್ನು ತೆರೆದವರಿಗೆ ವಿದಿತವಾಗುವುದು. ನಿದಾನಸ್ಥಾನದಲ್ಲಿ ಮುಖರೋಗಗಳನ್ನು ಕುರಿತ ಹದಿನಾರನೆಯ ಅಧ್ಯಾಯದಲ್ಲಿ, ದವಡೆಯ ಕೊನೆಯ ಹಲ್ಲಿನ ಎಡೆಯಲ್ಲಿ ದೊಡ್ಡ ಬಾವೂ ತೀವ್ರವಾದ ವೇದನೆಯೂ ಜೊಲ್ಲು ಸುರಿಯುವುದೂ ಕೂಡಿದ ರೋಗಕ್ಕೆ ಅಧಿಮಾಂಸಕವೆಂಬ ಹೆಸರನ್ನು ಆಚಾರ್ಯರು ಕೊಟ್ಟಿದ್ದಾರೆ. ಚಿಕಿತ್ಸಾಸ್ಥಾನದಲ್ಲಿ ಆ ಹೆಚ್ಚಿನ ಮಾಂಸವನ್ನು ಕೊಯ್ದು ತೆಗೆದು, ಬಜೆ ಮೊದಲಾದವುಗಳ ಚೂರ್ಣವನ್ನು ಜೇನಿನಲ್ಲಿ ಬೆರಸಿ ಹಚ್ಚಬೇಕೆಂದು ವಿಧಿಸಿದ್ದಾರೆ. ನಿದಾನಸ್ಥಾನದ ಅದೇ ಅಧ್ಯಾಯದಲ್ಲಿ ವರ್ಧನವೆಂಬ ಮತ್ತೊಂದು ವ್ಯಾಧಿಯ ಪ್ರಸ್ತಾಪವಿದೆ: ವಾಯುವಿನ ದೆಸೆಯಿಂದ ಅಧಿಕವಾದ ಹಲ್ಲೊಂದು ತೀವ್ರವೇದನೆಯೊಡನೆ ಹುಟ್ಟುವುದು, ಹುಟ್ಟಿದ ಮೇಲೆ ನೋವು ಶಮನವಾಗುವುದು. ತಡವಾಗಿ ಬಂದರೂ ಸುಸೂತ್ರವಾಗಿ ಬಂದ ಬುದ್ಧಿಹಲ್ಲಿಗೆ ಇದು ಎಷ್ಟು ಚೆನ್ನಾಗಿ ಒಪ್ಪುವುದೆಂದರೆ, ಮಾತ್ರೆಯನ್ನೂ ಇಕ್ಕಳವನ್ನೂ ಮುಟ್ಟದೆ ನಾಲ್ಕು ದಿನ ಕಾದು ನೋಡುವುದೂ ಒಂದು ಚಿಕಿತ್ಸೆಯೆಂಬುದಕ್ಕೆ ಇದಕ್ಕಿಂತ ಹಳೆಯ ಸಮರ್ಥನೆ ಬೇಕಿಲ್ಲ. ವಸಡಿನ ಮುಚ್ಚಳವನ್ನು ಮಾತ್ರ ಕೊಯ್ಯುವ ಕ್ರಮ ಇಂದಿಗೂ ಬಳಕೆಯಲ್ಲಿದೆ. ಹಲ್ಲು ನೆಟ್ಟಗಿದ್ದು ಅದಕ್ಕೆ ಸ್ಥಳವೂ ಇದ್ದಲ್ಲಿ ಅದು ಸಾಕಾಗುವುದು, ಇಲ್ಲದಲ್ಲಿ ವಸಡು ಮತ್ತೆ ಬೆಳೆದು ಮುಚ್ಚುವುದು.

ಬಾವು ಅಲ್ಲಿಯೇ ನಿಲ್ಲದೆ ಹಬ್ಬಿದಾಗ ವಿಷಯ ಗಂಭೀರವಾಗುವುದು. ಕೆಳದವಡೆಯ ಹಿಂದಣ ಹಲ್ಲುಗಳ ಬೇರುಗಳು ನಾಲಿಗೆಯಡಿಯ ಮತ್ತು ಗಂಟಲ ಪಕ್ಕದ ಪೊಳ್ಳುಗಳಿಗೆ ಸಮೀಪವಾಗಿರುವುದರಿಂದ ಕೀವು ಆ ದಾರಿಯಲ್ಲಿ ಇಳಿದು, ಕುತ್ತಿಗೆಯನ್ನು ಕಲ್ಲಿನಂತೆ ಬಿರುಸಾಗಿಸಿ, ನಾಲಿಗೆಯನ್ನು ಮೇಲೆತ್ತಿ, ಉಸಿರಾಟದ ಮಾರ್ಗವನ್ನೇ ಒತ್ತಿಬಿಡಬಲ್ಲುದು. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವರ್ಣಿಸಿದ ಈ ಸ್ಥಿತಿ ಅವರ ಹೆಸರಿನಿಂದಲೇ ಇಂದು ಪ್ರಸಿದ್ಧವಾಗಿದೆ. ಅದು ವಿರಳ, ನಿಜ. ಆದರೆ ನುಂಗಲು ಕಷ್ಟವಾಗಿ ಜೊಲ್ಲು ಹೊರಗೆ ಹರಿಯತೊಡಗಿದ, ದನಿ ಬದಲಾದ, ಉಸಿರಿಗೆ ತೊಡಕಾದ ರೋಗಿಯನ್ನು ಬೆಳಗಾಗಲೆಂದು ಕಾಯಿಸತಕ್ಕದ್ದಲ್ಲ. ಅಂಥವರು ಹೋಗತಕ್ಕದ್ದು ಹಲ್ಲಿನ ಕ್ಲಿನಿಕ್ಕಿಗಲ್ಲ, ರಾತ್ರಿಯಾದರೂ ಸರಿ, ದೊಡ್ಡಾಸ್ಪತ್ರೆಗೆ.

ನೋವನ್ನೇ ಕೊಡದೆ ಕೆಡಿಸುವ ಹಲ್ಲು ಇದಕ್ಕಿಂತ ವಂಚಕ. ಮುಂದಕ್ಕೆ ವಾಲಿದ ಬುದ್ಧಿಹಲ್ಲಿಗೂ ಅದರ ಮುಂದಿನ ಹಲ್ಲಿಗೂ ನಡುವೆ ಏರ್ಪಡುವ ಸಂದಿನಲ್ಲಿ ಆಹಾರ ನಿಂತು, ಏನೊಂದು ಅಪರಾಧವನ್ನೂ ಮಾಡದ ಎರಡನೆಯ ದವಡೆಹಲ್ಲು ಬೆನ್ನಿನ ಕಡೆಯಿಂದ ಹುಳುಕಾಗುವುದು. ಕನ್ನಡಿಯಲ್ಲಿ ಕಾಣದ, ನಾಲಿಗೆಗೂ ಸಿಕ್ಕದ ಆ ಹುಳುಕು ತಿಳಿಯುವ ವೇಳೆಗೆ ಎಷ್ಟೋ ಸಲ ಉಪಯುಕ್ತವಾದ ಹಲ್ಲೇ ಕೈಬಿಟ್ಟು ಹೋಗಿರುವುದು. ಪೂರ್ತಿ ಹೂತ ಹಲ್ಲಿನ ತಲೆಯನ್ನು ಸುತ್ತಿರುವ ಚೀಲದಲ್ಲಿ ದ್ರವ ಸೇರಿ, ವೈದ್ಯರು ಸಿಸ್ಟ್ ಎಂದು ಕರೆಯುವ ಗುಳ್ಳೆಯಾಗಿ, ವರ್ಷಗಟ್ಟಲೆ ಸದ್ದಿಲ್ಲದೆ ಎಲುಬನ್ನು ಸವೆಸುವುದೂ ಉಂಟು; ಅಪೂರ್ವವಾಗಿ ಅಲ್ಲಿ ಗಡ್ಡೆಗಳೂ ಹುಟ್ಟುವುವು. ದವಡೆಯ ಮೂಲೆಯಲ್ಲಿ ಎಲುಬಿನ ಸ್ಥಾನವನ್ನು ಹಲ್ಲು ಆಕ್ರಮಿಸಿರುವುದರಿಂದ ಪೆಟ್ಟು ಬಿದ್ದಾಗ ಆ ಮೂಲೆ ಮುರಿಯುವ ಸಂಭವವೂ ಹೆಚ್ಚು. ಇಷ್ಟು ದೋಷಗಳನ್ನು ಹೊತ್ತ ಹಲ್ಲಿನ ಮೇಲೆ ಇಲ್ಲದ ದೋಷವೊಂದನ್ನೂ ಜನ ಹೊರಿಸಿರುವರು: ಅದು ಹಿಂದಿನಿಂದ ನೂಕಿ ಮುಂದಿನ ಹಲ್ಲುಗಳನ್ನು ಒಂದರ ಮೇಲೊಂದು ಏರಿಸುವುದೆಂದು. ವಯಸ್ಸಾದಂತೆ ಕೆಳಗಿನ ಮುಂಬಲ್ಲುಗಳು ಒತ್ತಾಗುವುದು ಬುದ್ಧಿಹಲ್ಲು ಹುಟ್ಟದೇ ಇದ್ದವರಲ್ಲಿಯೂ ಕಂಡುಬಂದಿದೆ. ಸಾಲು ಓರೆಯಾದೀತೆಂಬ ಒಂದೇ ಭಯದಿಂದ ಅದನ್ನು ಕೀಳಿಸುವುದಕ್ಕೆ ಆಧಾರವಿಲ್ಲ.

ಹಾಗಾದರೆ ಯಾವಾಗ ಕೀಳಿಸಬೇಕು? ಈ ವಿಷಯದಲ್ಲಿ ದೇಶದೇಶಗಳ ವೈದ್ಯರೊಳಗೆ ಏಕಾಭಿಪ್ರಾಯವಿಲ್ಲ. ಅಮೆರಿಕದಲ್ಲಿ ಕಾಲೇಜು ಸೇರುವ ವಯಸ್ಸಿನ ಹುಡುಗ ಹುಡುಗಿಯರ ನಾಲ್ಕೂ ಬುದ್ಧಿಹಲ್ಲುಗಳನ್ನು, ನೋಯಲಿ ಬಿಡಲಿ, ಒಂದೇ ಸಲಕ್ಕೆ ತೆಗೆಸಿಬಿಡುವುದು ಬಹುಕಾಲ ಒಂದು ಸಂಸ್ಕಾರವೋ ಎಂಬಂತೆ ನಡೆದುಬಂದಿತು. ಬ್ರಿಟನ್ನಿನಲ್ಲಿಯಾದರೋ, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಗೆ ಮಾರ್ಗದರ್ಶನ ನೀಡುವ ನೈಸ್ ಸಂಸ್ಥೆಯು 2000ದಲ್ಲಿ, ರೋಗವಿಲ್ಲದ ಹೂತ ಹಲ್ಲನ್ನು ಮುನ್ನೆಚ್ಚರಿಕೆಯ ನೆಪದಿಂದ ಕೀಳುವುದನ್ನು ನಿಲ್ಲಿಸತಕ್ಕದ್ದೆಂದು ವಿಧಿಸಿತು: ತುಂಬಲಾಗದ ಹುಳುಕು, ಕೀವು, ಸಿಸ್ಟ್, ಪಕ್ಕದ ಹಲ್ಲಿಗೆ ಹಾನಿ ಮುಂತಾದ ಪ್ರತ್ಯಕ್ಷ ಕಾರಣ ಬೇಕು, ವಸಡಿನ ಬಾವಾದರೆ ಮೊದಲ ಸಲ ಬಂದುದು, ತೀರ ಉಗ್ರವಾಗಿದ್ದ ಹೊರತು, ಸಾಲದು, ಎರಡನೆಯ ಸಲ ಬಂದರೆ ತೆಗೆಯಬಹುದು. ಈ ಕಟ್ಟಳೆಯಿಂದ ಅಸಂಖ್ಯ ಶಸ್ತ್ರಕ್ರಿಯೆಗಳು ತಪ್ಪಿದುವು. ಆದರೆ ವರ್ಷಗಳು ಕಳೆದಂತೆ ಅದರ ಇನ್ನೊಂದು ಮುಖವೂ ಗೋಚರಿಸಿತು; ಇಪ್ಪತ್ತರಲ್ಲಿ ತೆಗೆಯಬಹುದಾಗಿದ್ದ ಹಲ್ಲನ್ನು ಮೂವತ್ತು ದಾಟಿದ ಮೇಲೆ ತೆಗೆಯಬೇಕಾಗಿ ಬರುವುದೂ, ಅಷ್ಟರಲ್ಲಿ ಎರಡನೆಯ ದವಡೆಹಲ್ಲು ಹುಳುಕಾಗಿರುವುದೂ ಹೆಚ್ಚಿತೆಂದು ಅಲ್ಲಿಯ ದಂತವೈದ್ಯರೇ ಆಕ್ಷೇಪಿಸಿದರು.

ನಮ್ಮ ನಾಡಿನ ದೋಷ ಈ ಎರಡರಲ್ಲಿ ಯಾವುದೂ ಅಲ್ಲ. ನಮ್ಮಲ್ಲಿ ಹಲ್ಲು ನೋಯುವವರೆಗೆ ದಂತವೈದ್ಯನ ಸ್ಮರಣೆಯಿಲ್ಲ. ನೋವು ಬಂದಾಗ ಲವಂಗದ ಎಣ್ಣೆ, ಅದಕ್ಕೆ ಬಗ್ಗದಿದ್ದರೆ ಮೆಡಿಕಲ್ ಷಾಪಿನವನು ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆ. ಬಾವು ಇಳಿದ ಕೂಡಲೆ ರೋಗವೇ ಹೋಯಿತೆಂಬ ನೆಮ್ಮದಿ. ಆಂಟಿಬಯಾಟಿಕ್ ಮಾತ್ರೆ ಹೊರಗೆ ಹಬ್ಬಿದ ಸೋಂಕನ್ನು ತಗ್ಗಿಸೀತೇ ಹೊರತು ವಸಡಿನ ಮರೆಯನ್ನಾಗಲಿ ಅಡ್ಡ ಬಿದ್ದ ಹಲ್ಲನ್ನಾಗಲಿ ಅಲ್ಲಿಂದ ಎಬ್ಬಿಸಲಾರದು. ಆದುದರಿಂದ ಮೂರು ತಿಂಗಳಿಗೋ ಆರು ತಿಂಗಳಿಗೋ ಬಾವು ಮರಳುವುದು, ಪ್ರತಿ ಸಲವೂ ಸ್ವಲ್ಪ ಎಲುಬನ್ನು ತಿಂದು ಹೋಗುವುದು. ಮಾತ್ರೆಯನ್ನು ನುಂಗುವ ಬದಲು ನೋಯುವ ವಸಡಿನ ಮೇಲೆಯೇ ಇಟ್ಟುಕೊಂಡು ಚರ್ಮವನ್ನು ಸುಟ್ಟುಕೊಂಡವರೂ, ಕೆನ್ನೆಗೆ ಬಿಸಿ ಶಾಖ ಕೊಟ್ಟು ಬಾವನ್ನು ಹೆಚ್ಚಿಸಿಕೊಂಡವರೂ ಕಡಮೆಯಲ್ಲ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದೊಂದೇ ಮನೆಯಲ್ಲಿ ನಿರಪಾಯವಾಗಿ ಮಾಡಬಹುದಾದುದು. ಗುಟ್ಕಾ, ಅಡಕೆ ಅಗಿಯುವ ಅಭ್ಯಾಸವಿದ್ದವರು ಇನ್ನೊಂದು ಮಾತನ್ನು ಮನಸ್ಸಿನಲ್ಲಿಡಬೇಕು: ಅವರ ಬಾಯಿ ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತ ಬಂದರೆ ಅದು ಬುದ್ಧಿಹಲ್ಲಿನ ಬಿಗಿತವಾಗಿರದೆ, ಕೆನ್ನೆಯ ಒಳಪೊರೆ ನಾರುಗಟ್ಟುವ, ಮುಂದೆ ಕ್ಯಾನ್ಸರಿಗೆ ತಿರುಗಬಲ್ಲ ರೋಗವಾಗಿರಬಹುದು.

ನನಗೆ ಸರಿಯೆಂದು ತೋರುವ ಮಾರ್ಗ ಇದು. ಹದಿನೆಂಟು ಇಪ್ಪತ್ತರ ಪ್ರಾಯದಲ್ಲಿ ಒಮ್ಮೆ, ನೋವಿರಲಿ ಇಲ್ಲದಿರಲಿ, ಎರಡೂ ದವಡೆಗಳು ಒಂದೇ ಚಿತ್ರದಲ್ಲಿ ಕಾಣುವ ಓಪಿಜಿ ಎಂಬ ಎಕ್ಸ್-ರೇಯನ್ನು ತೆಗೆಸಿ ನೋಡುವುದು. ಸ್ಥಳವಿದ್ದು ನೆಟ್ಟಗೆ ಬರುತ್ತಿರುವ ಹಲ್ಲನ್ನು ಗೌರವದಿಂದ ಬಾಳಗೊಡುವುದು. ಎಲುಬಿನ ಆಳದಲ್ಲಿ ನಿರುಪದ್ರವಿಯಾಗಿ ಮಲಗಿರುವುದನ್ನು ಕೀಳದೆ, ಆದರೆ ಮರೆಯದೆ, ವರ್ಷ ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳುವುದು. ಒಮ್ಮೆ ಬಾವು ಬಂದು ಮತ್ತೊಮ್ಮೆ ಮರಳಿದ, ಅಥವಾ ಪಕ್ಕದ ಹಲ್ಲಿಗೆ ಕೇಡು ಮಾಡತೊಡಗಿದ ಹಲ್ಲನ್ನು ಪರೀಕ್ಷೆ ಮುಗಿಯಲಿ, ಮದುವೆ ಕಳೆಯಲಿ, ರಜ ಬರಲಿ ಎಂದು ಮುಂದೂಡದೆ ತೆಗೆಸಿಬಿಡುವುದು. ಇಪ್ಪತ್ತೈದರ ಒಳಗೆ ಎಷ್ಟೋ ವೇಳೆ ಬೇರು ಪೂರ್ತಿ ಬೆಳೆದಿರುವುದಿಲ್ಲ, ಎಲುಬು ಮೆದುವಾಗಿ ಬಾಗುವುದು, ಗಾಯ ಬೇಗ ಮಾಯುವುದು. ನಲವತ್ತರಲ್ಲಿ ಇವು ಮೂರೂ ತಿರುವುಮುರುವು. ಗರ್ಭ ಧರಿಸಬಯಸುವ ಸ್ತ್ರೀಯರು ಈಗಾಗಲೆ ತೊಂದರೆ ಕೊಟ್ಟಿರುವ ಹಲ್ಲನ್ನು ಮುಂಚೆಯೇ ತೆಗೆಸುವುದು ಲೇಸು, ಏಕೆಂದರೆ ಗರ್ಭಕಾಲದಲ್ಲಿ ವಸಡಿನ ಬಾವು ಉಲ್ಬಣಿಸುವುದುಂಟು, ಔಷಧಗಳ ಆಯ್ಕೆಯೂ ಆಗ ಕಿರಿದಾಗುವುದು. ಕುತ್ತಿಗೆಗೆ ವಿಕಿರಣ ಚಿಕಿತ್ಸೆ ನಡೆಯಬೇಕಾದವರ ವಿಷಯದಲ್ಲಂತೂ ಇದು ಮೊದಲೇ ತೀರ್ಮಾನವಾಗಬೇಕಾದ ಸಂಗತಿ. ವಿಕಿರಣ ತಾಗಿದ ಎಲುಬು ಗಾಯವನ್ನು ಮಾಯಿಸಿಕೊಳ್ಳಲಾರದು.

ಶಸ್ತ್ರಕ್ರಿಯೆಯೆಂದೊಡನೆ ಹುಟ್ಟುವ ಭೀತಿ ಇಂದಿನ ಕಾಲಕ್ಕೆ ಸಲ್ಲುವುದಲ್ಲ. 1844ರ ಡಿಸೆಂಬರ್ 11ರಂದು ಹಾರ್ಟ್‌ಫರ್ಡ್ ಎಂಬ ಅಮೆರಿಕದ ಊರಿನಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯರು ನೈಟ್ರಸ್ ಆಕ್ಸೈಡನ್ನು ಸೇವಿಸಿ ತಮ್ಮದೇ ದವಡೆಹಲ್ಲೊಂದನ್ನು ಸಹೋದ್ಯೋಗಿಯಿಂದ ಕೀಳಿಸಿಕೊಂಡು, ಅರಿವಳಿಕೆಯ ಇತಿಹಾಸದ ಮೊದಲ ಪುಟಗಳಲ್ಲಿ ಸ್ಥಾನ ಪಡೆದರು. ಸ್ವೀಡನ್ನಿನಲ್ಲಿ 1943ರಲ್ಲಿ ಸಿದ್ಧವಾದ ಲಿಗ್ನೊಕೇನಿನ ಚುಚ್ಚುಮದ್ದೇ ಇಂದು ಹೆಚ್ಚಿನ ಹಲ್ಲುಗಳಿಗೆ ಸಾಕು. ವಸಡನ್ನು ಬಿಡಿಸಿ, ಅಡ್ಡ ಬರುವ ಎಲುಬನ್ನು ನೀರು ಹರಿಸುತ್ತ ಸ್ವಲ್ಪ ಕೊರೆದು, ಹಲ್ಲನ್ನು ಎರಡು ಮೂರು ತುಂಡು ಮಾಡಿ ತೆಗೆದು ಹೊಲಿಗೆ ಹಾಕುವರು. ನಿಜವಾಗಿ ವಿಚಾರಮಾಡತಕ್ಕ ಅಪಾಯ ಒಂದಿದೆ: ಕೆಳತುಟಿಗೆ ಸ್ಪರ್ಶಜ್ಞಾನವನ್ನು ಒಯ್ಯುವ ನರ ಕೆಳದವಡೆಯ ಒಳಗೇ, ಈ ಹಲ್ಲಿನ ಬೇರಿನ ಸಮೀಪದಲ್ಲಿ ಹಾಯುವುದು, ನಾಲಿಗೆಯ ನರ ಒಳಮಗ್ಗುಲಿನಲ್ಲಿ ಹತ್ತಿರದಲ್ಲಿಯೇ ಇರುವುದು. ಇವು ಘಾಸಿಗೊಂಡರೆ ತುಟಿಯೋ ನಾಲಿಗೆಯೋ ಮರಗಟ್ಟುವುದು. ಬಹುಮಟ್ಟಿಗೆ ಅದು ವಾರ ತಿಂಗಳುಗಳಲ್ಲಿ ಸರಿಹೋದರೂ, ಅಪರೂಪವಾಗಿ ಶಾಶ್ವತವಾಗಿ ಉಳಿಯುವುದೂ ಉಂಟು. ಬೇರು ನರವನ್ನು ತಬ್ಬಿದಂತೆ ಕಂಡಲ್ಲಿ ಬೇರನ್ನು ಹಾಗೆಯೇ ಬಿಟ್ಟು ಹಲ್ಲಿನ ತಲೆಯನ್ನು ಮಾತ್ರ ಕತ್ತರಿಸಿ ತೆಗೆಯುವ ಉಪಾಯವನ್ನು 1984ರಿಂದೀಚೆಗೆ ವೈದ್ಯರು ಅನುಸರಿಸುತ್ತಿದ್ದಾರೆ. ‘ನನ್ನ ಹಲ್ಲಿನ ಬೇರು ನರಕ್ಕೆ ಎಷ್ಟು ಹತ್ತಿರವಿದೆ?’ ಎಂದು ರೋಗಿಯು ಕೇಳಿದರೆ ಅದು ಉದ್ಧಟತನವಲ್ಲ. ಒಳ್ಳೆಯ ವೈದ್ಯರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ತೋರಿಸುವರು.

ಕಿತ್ತ ಮೇಲೆ ಬಾವು ಎರಡು ಮೂರು ದಿನ ಏರಿ ಆಮೇಲೆ ಇಳಿಯುವುದು. ಮೊದಲ ದಿನ ಕೆನ್ನೆಯ ಹೊರಗೆ ಮಂಜುಗಡ್ಡೆ, ತಣ್ಣನೆಯ ಗಂಜಿ, ಮಜ್ಜಿಗೆ ಅನ್ನ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಎಲುಬಿಗೆ ಹೊದಿಕೆ. ಪದೇ ಪದೇ ಉಗುಳುವುದರಿಂದ, ಸ್ಟ್ರಾ ಹಾಕಿ ಎಳೆಯುವುದರಿಂದ, ಎಲ್ಲಕ್ಕಿಂತ ಹೆಚ್ಚಾಗಿ ಬೀಡಿ ಸಿಗರೇಟಿನಿಂದ ಅದು ಕಿತ್ತುಹೋದರೆ, ಮೂರನೆಯ ನಾಲ್ಕನೆಯ ದಿನ ಹಲ್ಲುನೋವನ್ನೂ ಮೀರಿಸುವ ನೋವು ಹತ್ತಿಕೊಳ್ಳುವುದು. ಆಗ ಮಾತ್ರೆಗಳನ್ನು ಹೆಚ್ಚಿಸುತ್ತ ಹೋಗದೆ, ಕಿತ್ತವರ ಬಳಿಗೇ ಹೋಗಿ ಗುಳಿಯನ್ನು ತೊಳೆಸಿ ಔಷಧ ತುಂಬಿಸಿಕೊಳ್ಳುವುದು ಲೇಸು. ಇನ್ನು ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುವುದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಸಮನಾಗಿ ಬೇರೂರಿದೆ. ದೃಷ್ಟಿಯ ನರಕ್ಕೂ ಹಲ್ಲಿನ ನರಕ್ಕೂ ಯಾವ ಸಂಬಂಧವೂ ಇಲ್ಲ. ಹಲ್ಲು ಉದುರುವ ವಯಸ್ಸೂ ಕಣ್ಣಿಗೆ ಪೊರೆ ಬರುವ ವಯಸ್ಸೂ ಒಂದೇ ಆಗಿರುವುದರಿಂದ ಈ ಅಪವಾದ ಹುಟ್ಟಿರಬೇಕು. ಖರ್ಚಿಗೆ ಅಂಜುವವರಿಗೆ ಸರ್ಕಾರಿ ದಂತವೈದ್ಯ ಕಾಲೇಜುಗಳಿವೆ. ಬೆಂಗಳೂರಿನದು 1958ರಿಂದ ನಡೆಯುತ್ತಿದೆ. ಅಲ್ಲಿ ಪ್ರಾಧ್ಯಾಪಕರ ಕಣ್ಣೆದುರಿನಲ್ಲಿ ಕಲಿಯುವವರು ಮಾಡುವ ಕೆಲಸ, ಸರದಿಯಲ್ಲಿ ಕಾಯುವ ತಾಳ್ಮೆಯಿದ್ದರೆ, ಅಲ್ಪ ವೆಚ್ಚದಲ್ಲಿ ದೊರೆಯುವುದು.

ಎಂಬತ್ತು ದಾಟಿದ ಮುದುಕಿಯರಿಗೂ ಬುದ್ಧಿಹಲ್ಲು ಬಹಳ ನೋವಿನೊಡನೆ ಹುಟ್ಟಿದ್ದುಂಟೆಂದು ಅರಿಸ್ಟಾಟಲನು ತನ್ನ ಪ್ರಾಣಿಶಾಸ್ತ್ರದ ಗ್ರಂಥದಲ್ಲಿ ಬರೆದಿದ್ದಾನೆ. ಕೇಳುವುದಕ್ಕೆ ಕಟ್ಟುಕಥೆಯಂತಿರುವ ಈ ಮಾತನ್ನು ಇಂದಿನ ದಂತವೈದ್ಯರು ನಗದೆ ಒಪ್ಪುವರು. ಉಳಿದ ಹಲ್ಲುಗಳು ಉದುರಿದ ಮೇಲೆ ದವಡೆಯ ದಿಂಡು ವರ್ಷದಿಂದ ವರ್ಷಕ್ಕೆ ಸವೆಯುತ್ತ ಬಂದು, ಆಳದಲ್ಲಿ ಹೂತಿದ್ದ ಹಲ್ಲು ತಾನು ಏಳದಿದ್ದರೂ ಮೇಲೆ ಬಂದಂತಾಗಿ, ಕಟ್ಟಿಸಿಕೊಂಡ ಹಲ್ಲುಸೆಟ್ಟಿನ ಒತ್ತಡಕ್ಕೆ ವಸಡು ಹರಿದು ಹೊರಗೆ ಇಣುಕುವುದು. ಅಂಥ ಮುಪ್ಪಿನಲ್ಲಿ, ಸಕ್ಕರೆ ರೋಗಕ್ಕೋ ಹೃದಯಕ್ಕೋ ಔಷಧ ನಡೆಯುತ್ತಿರುವಾಗ, ರಕ್ತವನ್ನು ತೆಳುಮಾಡುವ ಮಾತ್ರೆ ಹೊಟ್ಟೆಯಲ್ಲಿರುವಾಗ ಅದನ್ನು ತೆಗೆಯುವುದು ಸುಲಭವಲ್ಲ. ಆದುದರಿಂದಲೇ ತಂದೆತಾಯಿಗಳಿಗೆ ಹಲ್ಲುಸೆಟ್ಟು ಕಟ್ಟಿಸಲು ಹೊರಟವರು, ಅಚ್ಚು ತೆಗೆಸುವುದಕ್ಕೆ ಮುಂಚೆ ದವಡೆಯ ಎಕ್ಸ್-ರೇಯೊಂದನ್ನು ತೆಗೆಸಿ ನೋಡುವುದು ಒಳ್ಳೆಯದು.